ಅಣ್ಣನ ಎಲೆಯ ಮೇಲಿನ ತಂಬಾಕು

ನನ್ನ ಅಣ್ಣನಿಗೆ ತಂಬಾಕು ಅಂದರೆ ಇಷ್ಟ. ಇಷ್ಟವಾಗಿತ್ತು ಎಂದು ಬರೆಯಬೇಕು, ಅವನು ತೀರಿಹೋಗಿ ವರ್ಷಗಳಾದವು. ಆದರೆ ನಮ್ಮ ತುಳುವರ ಪ್ರಕಾರ ಸತ್ತವರ ಆಸೆಗಳು ಸಾಯುವುದಿಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಅಗೆಲು ಬಡಿಸುತ್ತೇವೆ. ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋದರು ಎನ್ನುವಷ್ಟು ಹೊತ್ತಾದ ಮೇಲೆ ನಾವು ಒಳಗೆ ಹೋಗಿ ಅದನ್ನೇ ಪ್ರಸಾದ ಎಂದು ಉಣ್ಣುವುದು. ಊರಿನಲ್ಲಾದರೆ ಅಂಗಳ ಉಂಟು. ಮುಂಬಯಿಯಲ್ಲಿ, ಅಣ್ಣನ ಕಾಂದಿವಲಿಯ ಬಿಲ್ಡಿಂಗಿನಲ್ಲಿ ಲಿಫ್ಟಿನ ಎದುರು ಸಾಲಾಗಿ ನಿಲ್ಲುತ್ತೇವೆ. ಪಕ್ಕದ ಫ್ಲ್ಯಾಟಿನ ಗುಜರಾತಿ ಹೆಂಗಸು ಪ್ರತಿ ವರ್ಷವೂ, "ಕ್ಯಾ ಹುವಾ, ಚಾವಿ ಅಂದರ್ ರೆಹ್ ಗಯೀ?" ಎಂದು, ಬೀಗದಕೈ ಒಳಗೇ ಉಳಿಯಿತೇನೋ ಎಂಬಂತೆ, ಕೇಳಿ ಹೋಗುತ್ತಾಳೆ.

ಅಣ್ಣನ ಎಲೆಗೆ ಕೋಳಿ ಸುಕ್ಕ, ಹುರಿದ ಬಂಗುಡೆ, ನೀರುದೋಸೆ. ಎಲ್ಲ ಆದ ಮೇಲೆ ಎಲೆಯ ತುದಿಯಲ್ಲಿ ತಂಬಾಕಿನ ಪೊಟ್ಟಣ, ಪಕ್ಕಕ್ಕೆ ಸುಣ್ಣದ ಡಬ್ಬಿ. ಅವನ ಕೆನ್ನೆಯನ್ನು ತಿಂದದ್ದು ಅದೇ ತಂಬಾಕು. ಬಾಯಿ ತೆರೆಯಲಾಗದೆ, ಮೂಗಿನ ನಳಿಗೆಯಲ್ಲಿ ಗಂಜಿತಿಳಿ ಕುಡಿದು ಹೋದ ಮನುಷ್ಯ ಅವನು. ಪೊಟ್ಟಣದ ಮೇಲೆ ಕೊಳೆತ ಬಾಯಿಯ ಚಿತ್ರ ಇರುತ್ತದಲ್ಲ, ಅತ್ತಿಗೆ ಅದನ್ನು ಮಗುಚಿ ಇಡುತ್ತಾಳೆ. ಉಣ್ಣಲು ಬಂದವನಿಗೆ ಹೇಸಿಗೆ ಆಗಬಾರದಂತೆ.

ಇದನ್ನೆಲ್ಲ ನಾನು ನೋಡಿಕೊಂಡು ಸುಮ್ಮನಿದ್ದೆ. ಸತ್ತವನಿಗೆ ಇನ್ನು ಏನಾಗುವುದಿದೆ ಎಂದುಕೊಂಡಿದ್ದೆ. ಬದುಕಿರುವ ಅವನ ಮಗ ಒಂದು ಭಾನುವಾರ ಘಾಟ್ಕೋಪರಿನ ನನ್ನ ಮನೆಗೆ ಊಟಕ್ಕೆ ಬರುವವರೆಗೆ.

ಅವನು ಒಬ್ಬನೇ ಮಗ, ಆಗ ಕಾಲೇಜಿನ ಎರಡನೇ ವರ್ಷ. ನನಗೆ ಮಕ್ಕಳಿಲ್ಲ, ಗಂಡ ಇಲ್ಲ, ಫೋರ್ಟಿನ ಒಂದು ವಿಮಾ ಆಫೀಸಿನಲ್ಲಿ ಕೆಲಸ, ಭಾನುವಾರ ಅಡುಗೆ ಮಾಡಿ ಬಡಿಸಲು ಇವನೊಬ್ಬ. ಅಪ್ಪನ ತಂಗಿಯಾದ ನಾನು ಅವನಿಗೆ ಮಾಮಿ. ಕೋರಿ ರೊಟ್ಟಿ ಮಾಡಿದ್ದೆ. ಚಿಕ್ಕಂದಿನಿಂದ ಕೋಳಿಯ ಸಾರು ಖಾರ ಸಾಲದು ಎಂದು ಹಸಿಮೆಣಸು ಕಚ್ಚಿಕೊಂಡು ತಿಂದ ಹುಡುಗ. ಅವತ್ತು ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಎರಡನೆಯ ತುತ್ತನ್ನು ನುಂಗಲಾಗದೆ ತಟ್ಟೆಯ ಬದಿಗೆ ಉಗುಳಿ, "ಮಾಮಿ, ದಹೀ ಹೈ ಕ್ಯಾ?" ಎಂದ.

ಅಣ್ಣನಿಗೂ ಶುರುವಾದದ್ದು ಹೀಗೆಯೇ. ಅವನೂ ಮೊದಲು ಕೇಳಿದ್ದು ಮೊಸರು.

"ಬಾಯಿ ತೆರಿ" ಎಂದೆ. ನಕ್ಕ. ಕೆನ್ನೆಗೆ ಒಂದು ಕೊಟ್ಟು ಮತ್ತೆ ಹೇಳಿದೆ. ತೆರೆದ. ಒಳಕೆನ್ನೆಯಲ್ಲಿ ಹಾಲಿನ ಕೆನೆ ಕಟ್ಟಿದ ಹಾಗೆ ಒಂದು ಬಿಳಿ ಮಚ್ಚೆ. ಆಮೇಲೆ ಒಂದೊಂದಾಗಿ ಹೊರಬಂತು. ಕ್ಲಾಸಿನಲ್ಲಿ ಸೇದಲು ಆಗುವುದಿಲ್ಲವಾದ್ದರಿಂದ ಹಗಲು ಕೆನ್ನೆಯಲ್ಲಿ ತಂಬಾಕು. ಸಂಜೆ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದೆ ದೋಸ್ತರ ಜೊತೆ ಗಾಂಜಾ. ಅದಕ್ಕೂ ಸಿಗರೇಟಿನ ತಂಬಾಕು ಬೆರೆಸಿಯೇ ಸುತ್ತುವುದು. "ಸಬ್ ಕರ್ತೇ ಹೈ ಮಾಮಿ" ಎಂದ. ಎಲ್ಲರೂ ಮಾಡುತ್ತಾರಂತೆ. ಎಲ್ಲರ ಅಪ್ಪಂದಿರೂ ಹಾಗೆ ಸತ್ತರಾ ಎಂದು ಕೇಳಿದೆ.

ಮಾರನೆಯ ದಿನವೇ ಅವನನ್ನು ಎಳೆದುಕೊಂಡು ಒಂದು ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆ. ಹಲ್ಲಿನ ವಿಭಾಗದ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಈಗ ಇದು ಕ್ಯಾನ್ಸರ್ ಅಲ್ಲ, ತಂಬಾಕು ನಿಂತರೆ ಹೋಗಲೂಬಹುದು, ನಿಲ್ಲದಿದ್ದರೆ ಏನೂ ಹೇಳಲಾಗದು, ತೋರಿಸುತ್ತ ಇರಬೇಕು ಎಂದರು. ಆಮೇಲೆ ವರಾಂಡದ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ವ್ಯಸನ ಬಿಡಿಸಲು ಮಾತಾಡುವ ಒಬ್ಬ ಹೆಂಗಸು. ನಮ್ಮಿಬ್ಬರ ಮಾತು ಕಿವಿಗೆ ಬಿದ್ದು, "ಕನ್ನಡದವರೇನ್ರೀ?" ಎಂದಳು. ವಿಜಯಪುರದ ಕಡೆಯ ಮುಸ್ಲಿಮರ ಮನೆಯವಳು, ಹುಟ್ಟಿ ಬೆಳೆದದ್ದು ಮುಂಬಯಿ. ದುಪಟ್ಟಾದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ, ಅವನನ್ನು ನೋಡದೆ ಕೇಳಿದಳು, "ಎಷ್ಟ ಹಾಕ್ತಿ? ಸುಳ್ಳ ಹೇಳಬ್ಯಾಡ, ನಂಗ ಬ್ಯಾಸರ ಬರ್ತದ."

ಅವನು ಹೇಳಿದ. ನನ್ನ ಎದುರಿಗೇ ಹೇಳಿದ. ನಾನು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು.

ಅವಳು ಶುರುಮಾಡಿದ್ದು ಬಾಯಿಯಿಂದ. ಇವತ್ತಿನಿಂದ ಕೆನ್ನೆಯಲ್ಲಿ ಏನೂ ಇಡಕೂಡದು, ಚಡಪಡಿಕೆ ತಡೆಯಲು ತೋಳಿಗೆ ಅಂಟಿಸುವ ಪಟ್ಟಿಯನ್ನು ಡಾಕ್ಟರು ಕೊಡುತ್ತಾರೆ. ಗಾಂಜಾ ಪೂರ್ತಿ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಬಿಡಲು ಆಗದ ದಿನ ತಂಬಾಕು ಬೆರೆಸಕೂಡದು, ಸೇದಿ ಬೈಕು ಮುಟ್ಟಕೂಡದು, ಒಬ್ಬನೇ ಕೂತು ಸೇದಕೂಡದು. ಯಾರೋ ಬೆನ್ನು ಹತ್ತಿದ್ದಾರೆ, ಏನೋ ಕೇಳಿಸುತ್ತಿದೆ ಅನಿಸಿದರೆ ಅವತ್ತೇ ಇಲ್ಲಿಗೆ ಬರಬೇಕು.

ನನಗೆ ರೇಗಿತು. "ಇದೆಂತ ಪಾಠ? ಹೇಗೆ ಸೇದಬೇಕು ಅಂತ ಕಲಿಸ್ತೀರಾ? ಬಿಡು ಅಂತ ಹೇಳಿ!"

"ನೋಡ್ರಿ ಅಕ್ಕಾರ" ಎಂದಳು, "ಬಿಡು ಅಂತ ಇವಂಗ ಎಲ್ಲಾರೂ ಹೇಳ್ಯಾರ. ಪಾಕೀಟಿನ ಮ್ಯಾಲೆ ಸುದ್ದಾ ಬರದದ. ಬಿಟ್ಟಾನೇನು? ಬಿಡಾಕ ಆಗದ ದಿನ ಏನ್ ಮಾಡಬೇಕು, ಅದನ್ನ ಯಾರೂ ಹೇಳಂಗಿಲ್ಲ. ಅದನ್ನ ನಾ ಹೇಳತೀನಿ."

ಆಮೇಲೆ ನನ್ನ ಕೆಲಸ ಏನೆಂದು ಹೇಳಿದಳು. ತಪ್ಪಿದ ದಿನ ಅವನು ನನಗೆ ಮೆಸೇಜ್ ಮಾಡಬೇಕು. ನಾನು ಬಯ್ಯಬಾರದು, ಅಳಬಾರದು, ಯಾಕೆ ಎಂದು ಕೇಳಬಾರದು.

"ಮತ್ತೆ ಏನು ಬರೆಯಲಿ?"

"ಊಟ ಆಯ್ತಾ ಅಂತ ಕೇಳ್ರಿ. ಸಾಕು."

ಇಷ್ಟಕ್ಕೆ ಸರಕಾರ ಇವಳಿಗೆ ಸಂಬಳ ಕೊಡುತ್ತದೆಯಾ ಎಂದುಕೊಂಡು ಹೊರಗೆ ಬಂದೆ.

ಮೊದಲ ಮೆಸೇಜು ಎರಡೇ ದಿನಕ್ಕೆ ಬಂತು. ಆಫೀಸಿನಿಂದ ಮರಳುವ ಲೋಕಲಿನಲ್ಲಿ, ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಅಂಟಿಕೊಂಡು ಕೂತಿದ್ದೆ. 'ಹಾಕಿದೆ ಮಾಮಿ.' ನಾನು ಅವನ ಅಪ್ಪನ ನೆನಪು ತೆಗೆದು, ಅಮ್ಮನ ಕಣ್ಣೀರು ತೆಗೆದು, ಒಂದು ಪುಟ ಬರೆದೆ. ಕುರ್ಲಾ ಬರುವ ಹೊತ್ತಿಗೆ ಎಲ್ಲ ಅಳಿಸಿ, 'ಊಟ ಆಯ್ತಾ?' ಎಂದು ಕಳಿಸಿದೆ. 'ಮಿಸಳ್ ತಿಂದೆ. ತೀಖಾ ಆಯ್ತು' ಎಂದು ಬಂತು, ಖಾರವಂತೆ. ಹೀಗೆ ನಡೆಯಿತು. ಒಮ್ಮೆ 'ಹಾಕಿದೆ', ಒಮ್ಮೆ 'ಸೇದಿದೆ', ಒಮ್ಮೆ 'ಸೇದಿದೆ, ತಂಬಾಕು ಇಲ್ಲದೆ, ಬೈಕ್ ದೋಸ್ತನ ಮನೇಲಿ ಬಿಟ್ಟೆ'. ನಾನು ಸಿಟ್ಟನ್ನು ಬರೆದು ಅಳಿಸಿ, ಬರೆದು ಅಳಿಸಿ, ಅದೇ ಒಂದು ಪ್ರಶ್ನೆ ಕೇಳುತ್ತಿದ್ದೆ. ನಡುವಿನ ದಿನಗಳು ನಿಧಾನಕ್ಕೆ ಹೆಚ್ಚಾದವು. ಮಳೆಗಾಲ ಹಿಡಿಯುವ ಹೊತ್ತಿಗೆ ಡಾಕ್ಟರು ಟಾರ್ಚ್ ಹಾಕಿ, ಮಚ್ಚೆ ತಿಳಿಯಾಗಿದೆ ಎಂದರು. ಅವತ್ತು ಹೊರಗೆ ಗಾಡಿಯವನ ಹತ್ತಿರ ಇಬ್ಬರೂ ವಡಾಪಾವ್ ತಿಂದೆವು. ಅವನು ಮೆಣಸಿನಕಾಯಿ ಕಚ್ಚಿ ನೋಡಿದ, ಅರ್ಧ ತಿಂದ. ಇಷ್ಟು ದೊಡ್ಡವಳಾಗಿ ರಸ್ತೆಯಲ್ಲಿ ನಿಂತು ಕುಣಿಯುವುದೊಂದು ಬಾಕಿ.

ಆಮೇಲೆ ಆಟಿ ಬಂತು.

ಅಗೆಲಿನ ಹಿಂದಿನ ದಿನ ಅತ್ತಿಗೆಗೆ ಮಗನ ಪ್ಯಾಂಟು ಒಗೆಯುವಾಗ ಗಾಂಜಾ ಸುತ್ತುವ ಕಾಗದ ಸಿಕ್ಕಿತು. ಗದರಿಸಿದಾಗ ಹುಡುಗ ಆಸ್ಪತ್ರೆಯ ಮಾತನ್ನೂ ಹೇಳಿದನಂತೆ. ಅವಳು ನನಗೆ ಫೋನು ಮಾಡಲಿಲ್ಲ, ತನ್ನ ಅಣ್ಣನಿಗೆ ಮಾಡಿದಳು. ನಮ್ಮಲ್ಲಿ ಮಕ್ಕಳ ಮೇಲೆ ಅಧಿಕಾರ ಸೋದರಮಾವನದ್ದು. ಅಪ್ಪನ ತಂಗಿ ಎಂದರೆ ಮದುವೆಯ ಫೋಟೋದಲ್ಲಿ ಅಂಚಿಗೆ ನಿಲ್ಲುವವಳು.

ಈ ಮಾವನ ಹೋಟೆಲು ಫೋರ್ಟಿನಲ್ಲಿ, ನನ್ನ ಆಫೀಸಿನಿಂದ ಎರಡು ಗಲ್ಲಿ ಆಚೆ. ಹೋಟೆಲಿನ ಬಾಗಿಲಿಗೆ ಒತ್ತಿಕೊಂಡೇ ಪಾನ್-ಬೀಡಿಯ ಗೂಡಂಗಡಿ, ಜಾಗ ಕೊಟ್ಟವನು ಇವನೇ. ಊಟ ಮುಗಿಸಿ ಬರುವ ಆಫೀಸಿನ ಹುಡುಗರೆಲ್ಲ ಅಲ್ಲಿ ನೇತುಹಾಕಿದ ಲೈಟರಿನಿಂದ ಸಿಗರೇಟು ಹಚ್ಚುತ್ತಾರೆ. ಈತ ಗಲ್ಲಾದಲ್ಲಿ ಕೂತು ಕೆಳತುಟಿಯ ಹಿಂದೆ ತಂಬಾಕು ಇಟ್ಟುಕೊಂಡು, ಚಿಲ್ಲರೆ ಕೊಡುವಾಗ ಬಾಯಿ ತೆರೆಯದೆ ತಲೆ ಆಡಿಸುತ್ತಾನೆ. ಹುಡುಗನನ್ನು ದಾರಿಗೆ ತರಲು ಬಂದದ್ದು ಈ ಮನುಷ್ಯ.

ಬಿಳಿ ಪಂಚೆ ಉಟ್ಟು ಬಂದಿದ್ದ. ಅಣ್ಣನ ಎಲೆಯ ಎದುರು ಹುಡುಗನನ್ನು ಕೂರಿಸಿ, ದೀಪ ಮುಟ್ಟಿಸಿ, ತುಳುವಿನಲ್ಲಿ ಒಂದೊಂದೇ ಮಾತು ಹೇಳಿಕೊಟ್ಟ. ತುಳು ಅರ್ಧಂಬರ್ಧ ಬರುವ ಹುಡುಗ ತಡವರಿಸುತ್ತ ಹೇಳಿದ: ಇನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನನ್ನ ಅಮ್ಮ ನನಗೆ ಉಳಿಯಬಾರದು. ದೈವ ನೋಡಿಕೊಳ್ಳಲಿ.

"ಅವನಿಂದ ಆಣೆ ಹಾಕಿಸಬೇಡಿ" ಎಂದು ಅದಕ್ಕೆ ಮೊದಲೇ ನಾನು ಬಾಯಿಬಿಟ್ಟು ಹೇಳಿದ್ದೆ. "ಅವನು ಬಿಡ್ತಾ ಇದ್ದಾನೆ. ಒಂದು ದಿನ ತಪ್ಪಿದರೆ ಈಗ ನನಗೆ ಹೇಳ್ತಾನೆ. ಆಣೆ ಹಾಕಿದ ಮೇಲೆ ತಪ್ಪಿದರೆ ಯಾರಿಗೆ ಹೇಳುವುದು?"

"ತಪ್ಪುವುದು ಯಾಕೆ ಅಕ್ಕ?" ಎಂದಿದ್ದ ಮಾವ. "ತಪ್ಪಲಿಕ್ಕೆ ಆಗಬಾರದು ಅಂತಲೇ ಅಲ್ವಾ ಆಣೆ? ನಿಮ್ಮ ಆಸ್ಪತ್ರೆಯವಳು ಸ್ವಲ್ಪ ಸ್ವಲ್ಪ ಸೇದು ಅಂತ ಕಲಿಸ್ತಾಳಂತೆ. ಚಂದ ಉಂಟು! ಇದು ನಮ್ಮ ಮನೆಯ ವಿಷಯ. ನೀವು ಬಂದಿದ್ದೀರಿ, ಊಟ ಮಾಡಿ ಹೋಗಿ."

ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡು ತನ್ನ ಅಣ್ಣನ ಕಡೆಗೇ ನೋಡುತ್ತಿದ್ದಳು. ಆಣೆ ಮುಗಿಯಿತು. ಅದೇ ಉಸಿರಿನಲ್ಲಿ ಮಾವ, "ಹಾಂ, ಇನ್ನು ಅಪ್ಪನ ತಂಬಾಕು ಇಡು. ಮಗ ಇಟ್ಟರೇ ಅವನಿಗೆ ಸಲ್ಲುವುದು" ಎಂದ. ಈಗಷ್ಟೇ ಮುಟ್ಟುವುದಿಲ್ಲ ಎಂದು ದೀಪ ಮುಟ್ಟಿದ ಕೈ ಪೊಟ್ಟಣ ಎತ್ತಿ ಎಲೆಯ ತುದಿಗೆ ಇಟ್ಟಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲು ಎಳೆದು ಎಲ್ಲರೂ ಲಿಫ್ಟಿನ ಎದುರು ನಿಂತಾಗ ನಾನು ಲಿಫ್ಟಿನೊಳಗೆ ಹೋಗಿ ಕೆಳಗಿಳಿದೆ. ಊಟ ಮಾಡದೆ ಸ್ಟೇಷನ್ನಿಗೆ ನಡೆದೆ.

ಅವತ್ತಿನಿಂದ ಮೆಸೇಜು ನಿಂತಿತು.

ಅತ್ತಿಗೆ ಫೋನಿನಲ್ಲಿ ಕುಣಿದಾಡಿದಳು. ನೋಡಿ, ಒಂದು ಆಣೆಗೆ ಬಿಟ್ಟೇಬಿಟ್ಟ, ನಿಮ್ಮ ಆಸ್ಪತ್ರೆಯ ತಿರುಗಾಟ ಸುಮ್ಮನೆ. ತೋರಿಸುವ ದಿನ ಬಂತು, ಕಳಿಸು ಎಂದೆ. ಕಳಿಸಲಿಲ್ಲ. ಬಿಟ್ಟವನನ್ನು ಮತ್ತೆ ಆಸ್ಪತ್ರೆಗೆ ಒಯ್ದರೆ ದೈವದ ಮೇಲೆ ಸಂಶಯಪಟ್ಟ ಹಾಗೆ ಎಂದು ಅವಳ ಅಣ್ಣ ಹೇಳಿದನಂತೆ. ಹುಡುಗನಿಗೇ ಫೋನು ಮಾಡಿದರೆ, "ಸಬ್ ಠೀಕ್ ಮಾಮಿ, ಪರೀಕ್ಷೆ ಇದೆ" ಎಂದು ಇಡುತ್ತಿದ್ದ. ನಾನೊಬ್ಬಳೇ ಆಸ್ಪತ್ರೆಗೆ ಹೋಗಿ ಆ ಹೆಂಗಸಿನ ಮುಂದೆ ಕೂತೆ. ಅವಳು ಕನ್ನಡಕ ತೆಗೆದು, "ಮೆಸೇಜ್ ಬರಲಿಲ್ಲಂದ್ರ ನಂಗ ಹೆದರಿಕಿ ಅಕ್ಕಾರ. ಬರತಿದ್ದಾಗ ಇರಲಿಲ್ಲ" ಎಂದಳು. ಅವಳು ಮಾಡಿದ ಫೋನನ್ನೂ ಅವನು ಎತ್ತಲಿಲ್ಲ.

ಚಳಿಗಾಲದಲ್ಲಿ ಅತ್ತಿಗೆ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಅವಳಿಗೆ ಆಪರೇಶನ್ ಆದ ಮಾರನೆಯ ಮಧ್ಯಾಹ್ನ ಹುಡುಗ ಫೋರ್ಟಿಗೆ ಬಂದು ನನ್ನ ಆಫೀಸಿನ ಕೆಳಗೆ ನಿಂತಿದ್ದ. ಗಡ್ಡ ಬೆಳೆದಿತ್ತು. ಆಫೀಸಿನ ಪಕ್ಕದ ಮೆಟ್ಟಿಲ ಮೇಲೆ ಕೂರಿಸಿದೆ.

"ಅಮ್ಮ ಬಿದ್ದದ್ದು ನನ್ನಿಂದ ಮಾಮಿ" ಎಂದ. "ನಾನು ಹಾಕಿದೆ, ಅದಕ್ಕೆ. ನಾನೇ ಬೋಲಾ ಥಾ ನಾ, ಅಮ್ಮ ಉಳಿಯಬಾರದು ಅಂತ."

ಯಾವತ್ತಿನಿಂದ ಹಾಕುತ್ತಿದ್ದೀಯಾ ಎಂದು ಕೇಳಿದೆ. ಕೇಳಬಾರದು ಎಂಬುದನ್ನು ಮರೆತು ಕೇಳಿದೆ.

"ಅವತ್ತೇ."

ನಾನು ಲಿಫ್ಟಿಳಿದು ಹೋದ ಮೇಲೆ ಅವರೆಲ್ಲ ಒಳಗೆ ಹೋಗಿ ಪ್ರಸಾದ ಹಂಚಿಕೊಂಡಿದ್ದರು. ಮಾವ ಎಲೆಯ ಮೇಲಿನ ಪೊಟ್ಟಣ ಹರಿದು, ಸುಣ್ಣ ತೀಡಿ, ಮೊದಲ ಚಿಟಿಕೆ ಇವನ ಅಂಗೈಗೆ ಹಾಕಿದ್ದ. ಇದು ಅಪ್ಪನ ಪ್ರಸಾದ, ಆಣೆಗೆ ಇದು ಲೆಕ್ಕವಿಲ್ಲ, ಬೇಡ ಎನ್ನಬಾರದು. ಇವನು ಬಾಯಿಗೆ ಹಾಕಿಕೊಂಡಿದ್ದ. ಮಾವನಿಗೆ ಲೆಕ್ಕವಿಲ್ಲದೆ ಇರಬಹುದು, ಇವನ ಬಾಯಿಗೆ ಲೆಕ್ಕ ಇತ್ತು. ಆಣೆ ಅಲ್ಲೇ ಮುರಿಯಿತು, ಇನ್ನು ಹಾಕಿದರೆಷ್ಟು ಬಿಟ್ಟರೆಷ್ಟು ಎಂದು ಇವನಿಗೆ ಅನಿಸಿತು. ನನಗೆ ಹೇಳಿದರೆ ಅಮ್ಮನ ಜೀವ ಪಣಕ್ಕಿಟ್ಟು ತಪ್ಪಿದವನಾಗುತ್ತಾನೆ. ದೋಸ್ತರ ಜೊತೆ ಸೇದಿದರೆ ಯಾರಾದರೂ ಮನೆಗೆ ಹೇಳಿಯಾರು. ಹಾಗಾಗಿ ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಒಬ್ಬನೇ. ಒಬ್ಬನೇ ಸೇದುತ್ತ ಕೂತರೆ ಕೆಳಗಿನಿಂದ ಅಮ್ಮ ಕೂಗಿದ ಹಾಗೆ ಕೇಳಿಸುತ್ತಿತ್ತಂತೆ. ಓಡಿಬಂದು ನೋಡಿದರೆ ಅವಳು ಸೀರಿಯಲ್ ನೋಡುತ್ತ ಕೂತಿರುತ್ತಿದ್ದಳು. ಆ ಹೆದರಿಕೆ ಇಳಿಯಲು ಮತ್ತೆ ಮೇಲೆ ಹೋಗಿ ಸೇದುವುದು. ಆಸ್ಪತ್ರೆಯವಳು ಬೇಡ ಎಂದದ್ದೆಲ್ಲವನ್ನೂ ಒಂದು ಆಣೆ ಅವನಿಂದ ಮಾಡಿಸಿತ್ತು.

"ಬಾಯಿ ತೆರಿ" ಎಂದೆ. ಅವನು ತೆರೆದದ್ದು ಎರಡು ಬೆರಳು ಹೋಗುವಷ್ಟು. ಮಚ್ಚೆ ದಪ್ಪವಾಗಿ, ನಡುವೆ ಕೆಂಪಾಗಿತ್ತು. ನಾನು ರಜೆಯನ್ನೂ ಕೇಳದೆ ಹಾಗೆಯೇ ಟ್ಯಾಕ್ಸಿ ಹತ್ತಿಸಿದೆ.

ಕೊನೆಯ ಕೋಣೆಯ ಹೆಂಗಸು ಅವನನ್ನು ನೋಡಿ ಎದ್ದು ನಿಂತಳು. ಏನೂ ಬಯ್ಯಲಿಲ್ಲ. "ಊಟ ಆಯ್ತಾ?" ಎಂದಳು. ಹುಡುಗ ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತ. ಅವನ ಜೊತೆ ನಾನೂ ಅತ್ತೆ. ನನ್ನದು ಮುಕ್ಕಾಲು ಸಿಟ್ಟು.

ಚೂರು ತೆಗೆದು ಪರೀಕ್ಷೆ ಮಾಡಿದರು. ಅದೇ, ಕ್ಯಾನ್ಸರ್. ಶುರುವಿನದ್ದು, ಬೇಗ ಬಂದಿರಿ ಎಂದರು ಡಾಕ್ಟರು. ಮಳೆಗಾಲದಲ್ಲಿ ತಿಳಿಯಾಗಿದ್ದ ಮಚ್ಚೆ ಅದು. ಬೇಗ ಬಂದಿರಿ ಎಂಬ ಮಾತಿಗೆ ನಾನು ತಲೆ ಆಡಿಸಿದೆ. ಒಳಕೆನ್ನೆ ಕತ್ತರಿಸಿ, ತೊಡೆಯ ಚರ್ಮ ತೆಗೆದು ಹೊಲಿದರು. ಹುಡುಗ ಉಳಿದ. ಬಾಯಿ ಮಾತ್ರ ಇನ್ನು ಆ ಎರಡು ಬೆರಳಷ್ಟೇ ತೆರೆಯುವುದು. ಕೋರಿ ರೊಟ್ಟಿಯ ಮಾತು ಬಿಡಿ, ಅನ್ನವನ್ನೂ ಮೆತ್ತಗೆ ಹಿಸುಕಿ ಕೊಡಬೇಕು.

ಇಷ್ಟೆಲ್ಲ ಆದ ಮೇಲೆ ಮಾವ ಏನು ಹೇಳಿದ ಗೊತ್ತೇ? "ಆಣೆ ತಪ್ಪಿದ. ದೈವ ಬಿಡುತ್ತದಾ?" ಆಸ್ಪತ್ರೆಯ ವರಾಂಡದಲ್ಲಿ ನಿಂತು, ಕೆಳತುಟಿ ಉಬ್ಬಿಸಿಕೊಂಡು ಹೇಳಿದ. ಹುಡುಗನ ಕೆನ್ನೆ ಹೋದದ್ದೂ ಆಣೆಯಿಂದ, ಅತ್ತಿಗೆಯ ಕಾಲು ಮುರಿದದ್ದೂ ಆಣೆಯಿಂದ. ಅತ್ತಿಗೆ ಜಾರಿದ್ದು ಬಚ್ಚಲಿನ ಸೋಪಿನ ನೀರಿನಲ್ಲಿ ಎಂದು ನಾನು ಹೇಳಿದರೆ ಕೇಳುವವರಿಲ್ಲ. ಅವಳೇ ಮಂಚದ ಮೇಲೆ ಮಲಗಿ, "ಮಗ ಹೀಗೆ ಮಾಡಿದನಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ತಂಬಾಕಿನ ಮೇಲೆ ಯಾರೊಬ್ಬರೂ ಒಂದು ಮಾತು ಆಡಲಿಲ್ಲ. ಅದು ಪಾಪ, ಎಲೆಯ ತುದಿಯಲ್ಲಿ ಮಗುಚಿಕೊಂಡು ಬಿದ್ದಿರುವ ವಸ್ತು.

ಮುಂದಿನ ಆಟಿಯಲ್ಲಿ ಮತ್ತೆ ಅಗೆಲು. ಹೋಗಬಾರದು ಎಂದುಕೊಂಡಿದ್ದರೂ ಅವನು ಇರುತ್ತಾನೆಂದು ಹೋದೆ. ಎಲೆ ಹಾಕಿದರು, ಸುಕ್ಕ, ಬಂಗುಡೆ, ಕೊನೆಗೆ ಪೊಟ್ಟಣ. ಬೇಡ ಎಂದೆ. ಸತ್ತವನಿಗೆ ಕೊಡುವುದನ್ನು ತಪ್ಪಿಸಿದರೆ ಮನೆಗೆ ಇನ್ನೂ ಏನೇನು ಕಾದಿದೆಯೋ ಎಂದರು. ಬಾಗಿಲು ಎಳೆದು ಎಲ್ಲರೂ ಲಿಫ್ಟಿನ ಎದುರು ನಿಂತೆವು. ಹುಡುಗ ಗೋಡೆಗೆ ಒರಗಿ ನಿಂತಿದ್ದ, ನನ್ನಿಂದ ನಾಲ್ಕು ಮಾರು ದೂರ. ಕೈಯಲ್ಲಿದ್ದ ನನ್ನ ಫೋನು ನಡುಗಿತು.

'ತಂಬಾಕಿನ ವಾಸನೆ ಬರ್ತಿದೆ ಮಾಮಿ.'

ಮುಖ ಎತ್ತಿ ನೋಡಿದೆ. ಅವನು ನೆಲ ನೋಡುತ್ತಿದ್ದ. ಆಣೆಯ ದಿನದಿಂದ ನನಗೆ ಬಂದ ಮೊದಲ ಮೆಸೇಜು ಅದು.

ನಾನು ಬಾಗಿಲು ತೆರೆದೆ. ಹಿರಿಯರು ಉಣ್ಣುವಾಗ ಬಾಗಿಲು ತೆರೆಯುವುದೇ? ಹಿಂದಿನಿಂದ ನಾಲ್ಕಾರು ಬಾಯಿ ಒಟ್ಟಿಗೆ ಕೂಗಿಕೊಂಡವು. ಸೀದಾ ಹೋಗಿ ಅಣ್ಣನ ಎಲೆಯಿಂದ ಪೊಟ್ಟಣ ಎತ್ತಿಕೊಂಡೆ. ನನ್ನ ಒಡಹುಟ್ಟಿದವನ ಎಲೆ, ನನಗೆ ಹೆದರಿಕೆ ಆಗಲಿಲ್ಲ. ಬಂದಿದ್ದರೆ ಅವನೂ ನೋಡಲಿ ಎಂದು ಅಲ್ಲೇ ಹರಿದು ಕಮೋಡಿಗೆ ಸುರಿದು ನೀರು ಬಿಟ್ಟೆ.

"ಅಗೆಲು ಕೆಡಿಸಿದಿರಿ!" ಮಾವನ ಮುಖ ಕೆಂಡವಾಗಿತ್ತು. "ಇನ್ನು ಈ ಮನೆಗೆ ಏನಾದರೂ ಆದರೆ ನಿಮ್ಮ ತಲೆಗೆ."

"ಆಗಲಿ. ನನ್ನ ತಲೆಗೇ ಬರಲಿ. ಅವನ ಬಾಯಿಗೆ ಬೇಡ" ಎಂದೆ.

ಅತ್ತಿಗೆ ಊರುಗೋಲು ಕುಟ್ಟಿಕೊಂಡು ಬಂದು, ಇನ್ನು ನೀವು ಬರುವುದು ಬೇಡ ಎಂದಳು. ಸರಿ ಎಂದೆ.

ಈ ವರ್ಷದ ಆಟಿಗೆ ನನಗೆ ಕರೆ ಇಲ್ಲ. ಮಗ ಎಂದ ಮೇಲೆ ಅವನು ಕೂರಲೇಬೇಕು. ಮೊನ್ನೆ ಅಗೆಲು ಇತ್ತು. ಮಧ್ಯಾಹ್ನದಿಂದ ನಾನು ಘಾಟ್ಕೋಪರಿನ ಮನೆಯಲ್ಲಿ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂತು.

'ಹಾಕಿದೆ ಮಾಮಿ. ಪ್ರಸಾದ.'

ನಾನು ಆ ಮಾವನ ಏಳು ತಲೆಮಾರನ್ನು ಬರೆದೆ. ಅತ್ತಿಗೆಯನ್ನು ಬರೆದೆ. ನಿನಗೆ ಕೈ ಇರಲಿಲ್ಲವಾ, ದೂಡಲು ಆಗಲಿಲ್ಲವಾ, ಕೆನ್ನೆಯ ಹೊಲಿಗೆ ಮರೆತುಹೋಯಿತಾ ಎಂದು ಅವನಿಗೂ ಬರೆದೆ. ಕನ್ನಡಕದ ಮೇಲೆ ನೀರು ಬಿದ್ದು ಅಕ್ಷರ ಕಾಣಿಸಲಿಲ್ಲ. ಒರೆಸಿಕೊಂಡು, ಒಂದೊಂದೇ ಅಕ್ಷರ ಅಳಿಸಿದೆ.

'ಊಟ ಆಯ್ತಾ?'

'ಇಲ್ಲ. ಉಗುಳಿದೆ, ಆದರೂ ರುಚಿ ಹೋಗ್ತಾ ಇಲ್ಲ. ಬರ್ಲಾ?'

'ಬಾ' ಎಂದು ಕಳಿಸಿ, ಅಕ್ಕಿ ತೊಳೆದು ಗಂಜಿಗೆ ಇಟ್ಟೆ.